ಹಳೆಯ ಯೆಜ್ಡಿಗೆ ಹೊಸ ಜೋರೋ, ಹೊಸ ಬೈಕೋ?

ಮೈಸೂರಿನ ಯಾದವಗಿರಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ಮುಂದಿನ ಶೆಡ್ಡಿನಲ್ಲಿ 1988ರ ಯೆಜ್ಡಿ ರೋಡ್‌ಕಿಂಗ್ ನಿಂತಿದೆ. ಮನೆಯ ಯಜಮಾನರು ಜಾವಾ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು. ತಾವೇ ಜೋಡಿಸುತ್ತಿದ್ದ ಬೈಕುಗಳಲ್ಲಿ ಒಂದನ್ನು ಕಂತಿನಲ್ಲಿ ಕೊಂಡವರು. ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷವಾದರೂ ಭಾನುವಾರ ಬೆಳಿಗ್ಗೆ ಅದನ್ನು ಒರೆಸದಿದ್ದರೆ ಅವರಿಗೆ ಕಾಫಿ ರುಚಿಸುವುದಿಲ್ಲ.

ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಮನೆಪಾಠ ಹೇಳಿ ಕೂಡಿಟ್ಟದ್ದು, ಅಜ್ಜಿ ಕೊಟ್ಟದ್ದು ಎಲ್ಲ ಸೇರಿ ಕೈಯಲ್ಲಿ 70 ಸಾವಿರ ರೂಪಾಯಿ ಇದೆ. ಅವನ ಮುಂದೆ ಎರಡು ದಾರಿಗಳಿವೆ. ಈ ಹಣವನ್ನು ಮುಂಗಡವಾಗಿ ಕಟ್ಟಿ ಸಾಲದಲ್ಲಿ ಹೊಸ ಬೈಕು ತರುವುದು ಒಂದು. ಮನೆಯಲ್ಲಿರುವ ಯೆಜ್ಡಿಯ ಎಂಜಿನ್ ಬಿಚ್ಚಿಸಿ, ಪೋರ್ಟು ಕೊರೆಸಿ, ದೊಡ್ಡ ಕಾರ್ಬ್ಯುರೇಟರ್ ಹಾಕಿಸಿ, ರೇಸಿನ ಸೈಲೆನ್ಸರ್ ಕೂರಿಸಿ ಅದನ್ನೇ ಜೋರಾಗಿ ಓಡುವಂತೆ ಮಾಡುವುದು ಇನ್ನೊಂದು. ಅವನ ಮನಸ್ಸು ಎರಡನೆಯದರ ಕಡೆಗೆ ವಾಲಿದೆ.

"ಅಪ್ಪಾ, 70 ಸಾವಿರ ಹಾಕಿದರೆ ನಮ್ಮ ಗಾಡೀನೇ ಹೊಸ ಬೈಕಿನ ಹಾಗೆ ಓಡುತ್ತೆ" ಎಂದ ಮಗ.

"ಓಡುತ್ತೆ ಕಣೋ. ಹೊಸ ಬೈಕಿನ ಹಾಗೆ ನಿಲ್ಲುತ್ತಾ?" ಎಂದರು ಅಪ್ಪ.

ಮಗನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಮಾತ್ರ ಉತ್ತರವಿದೆ.

ಊರೇ ತಯಾರಿಸಿದ ಬೈಕು

ಮೈಸೂರಿನವರಿಗೆ ಜಾವಾ, ಯೆಜ್ಡಿ ಕೇವಲ ಬೈಕುಗಳ ಹೆಸರಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಬೈಕನ್ನು ತಯಾರಿಸುವ ಹಕ್ಕು ಪಡೆದರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿ 'ಜಾವಾ' ಎಂದು ಹೆಸರಿಟ್ಟರು. ಅದೇ ಬೈಕನ್ನು ಭಾರತದಲ್ಲಿ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರನ್ನು ಆರಿಸಿಕೊಂಡರು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರ ಸುಮಾರಿಗೆ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಬೈಕಿನ ಲಕ್ಷಣಗಳು ಹಳಬರಿಗೆ ಬಾಯಿಪಾಠ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಸಲಾಕೆ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಹಾಗೇ ಬಿಟ್ಟರೆ ಗೇರ್. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ಉದ್ದ 75 ಮಿ.ಮೀ. ವಿದ್ಯಾರ್ಥಿಗಳು ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಲಿ, ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. '250 ಸಿಸಿ' ಎನ್ನುವುದು ಇದನ್ನೇ. ರೋಡ್‌ಕಿಂಗ್‌ನ ಸಾಮರ್ಥ್ಯ 16 ಅಶ್ವಶಕ್ತಿ. ಅಂದಿನ ರಸ್ತೆಗಳಲ್ಲಿ ಅದು ನಿಜಕ್ಕೂ ರಾಜನೇ.

ಹಳೆಯ ಎಂಜಿನ್ನಿಗೆ ಹೊಸ ಜೋರು ತುಂಬುವ ಹವ್ಯಾಸವೂ ಈ ಊರಿಗೆ ಹೊಸದಲ್ಲ. ಮೈಸೂರಿನ ರೇಸ್ ಚಾಲಕ, ಎಂಜಿನ್ ತಜ್ಞ ಸೋಮೇಂದರ್ ಸಿಂಗ್ ಸಿಲಿಂಡರ್ ಹೆಡ್‌ನಲ್ಲಿ ಸಣ್ಣ ಗೀರುಗಾಲುವೆಗಳನ್ನು ಕೊರೆದು, ಒಳಗಿನ ಗಾಳಿ-ಪೆಟ್ರೋಲ್ ಮಿಶ್ರಣ ಇನ್ನಷ್ಟು ಸುಳಿದಾಡಿ ಚೆನ್ನಾಗಿ ಉರಿಯುವಂತೆ ಮಾಡುವ ವಿಧಾನಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅಮೆರಿಕದ ವಿಜ್ಞಾನ ಪತ್ರಿಕೆಯೊಂದು ಅವರ ಬಗ್ಗೆ 2004ರಲ್ಲಿ ಲೇಖನ ಪ್ರಕಟಿಸಿತು. ದೊಡ್ಡ ವಾಹನ ಕಂಪನಿಗಳು ಮಾತ್ರ ಈ ವಿಧಾನವನ್ನು ವ್ಯಾಪಕವಾಗಿ ಅಳವಡಿಸಿಕೊಳ್ಳಲಿಲ್ಲ. ಪೇಟೆಂಟ್ ಎಂದರೆ 'ಈ ಉಪಾಯ ಹೊಸದು' ಎಂಬುದಕ್ಕೆ ಮುದ್ರೆ. 'ಇದರಿಂದ ಇಷ್ಟು ಲಾಭ' ಎಂಬುದಕ್ಕೆ ಬೇರೆ ಬೇರೆ ಕಡೆ, ಬೇರೆ ಬೇರೆಯವರು, ಮತ್ತೆ ಮತ್ತೆ ಅಳೆಯಬೇಕು. ಗ್ಯಾರೇಜಿನಲ್ಲಿ ಯಾರಾದರೂ "ಇದು ಹಾಕಿಸಿ ಸಾರ್, ಐದು ಅಶ್ವಶಕ್ತಿ ಏರುತ್ತೆ" ಎಂದರೆ ಈ ಮಾತು ನೆನಪಿರಲಿ. ಅಳೆದದ್ದು ಯಾರು, ಯಾವುದರಿಂದ ಎಂದು ಕೇಳಲು ಸಂಕೋಚ ಬೇಡ.

ಟೂ ಸ್ಟ್ರೋಕ್ ಎಂಜಿನ್ನಿನ ಒಳಗೆ

ಮಗನ ಪಟ್ಟಿಯನ್ನು ಈಗ ಪರೀಕ್ಷಿಸಬಹುದು. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್. ಇದರಲ್ಲಿ ಮಿಶ್ರಣ ಒಳಬರುವುದೂ ಹೊಗೆ ಹೊರಹೋಗುವುದೂ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳ ಮೂಲಕ. ಈ ಕಿಂಡಿಗಳೇ ಪೋರ್ಟುಗಳು. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ತಾನೇ ಅವುಗಳನ್ನು ಮುಚ್ಚಿ ತೆರೆಯುತ್ತದೆ. ರಚನೆ ಸರಳ, ಬಿಡಿಭಾಗ ಕಡಿಮೆ. ಆದರೆ ಒಳಬರುವ ಕಿಂಡಿ, ಹೊರಹೋಗುವ ಕಿಂಡಿ ಎರಡೂ ತುಸು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಆಗ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತದೆ. ಜೊತೆಗೆ ಪೆಟ್ರೋಲಿಗೇ ಆಯಿಲ್ ಬೆರೆಸುವುದರಿಂದ ಅದೂ ಉರಿದು ನೀಲಿ ಹೊಗೆಯಾಗುತ್ತದೆ. ಮಾಲಿನ್ಯದ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಬೈಕುಗಳು ಮರೆಯಾದದ್ದು ಇದರಿಂದಲೇ.

ಹೊರಹೋಗುವ ಪೋರ್ಟನ್ನು ಮೇಲಕ್ಕೆ ಕೊರೆದರೆ ಎಂಜಿನ್ ಹೆಚ್ಚು ಸುತ್ತಿನಲ್ಲಿ ಹೆಚ್ಚು ಜೋರು ಕೊಡುತ್ತದೆ, ನಿಜ. ಆದರೆ ಕಡಿಮೆ ಸುತ್ತಿನಲ್ಲಿ ಎಳೆಯುವ ಶಕ್ತಿ ತಗ್ಗುತ್ತದೆ. ದೇವರಾಜ ಅರಸು ರಸ್ತೆಯಲ್ಲಿ, ಅಗ್ರಹಾರದ ಸರ್ಕಲ್ಲಿನಲ್ಲಿ, ಆಟೋ ಹಿಂದೆ ಎರಡನೇ ಗೇರಿನಲ್ಲಿ ತೆವಳುವಾಗ ಬೇಕಾದದ್ದು ಆ ಶಕ್ತಿಯೇ. ರೇಸಿನ ಎಂಜಿನ್ ಪೇಟೆಯಲ್ಲಿ ಕೆಮ್ಮುವುದು ಹೀಗೆ. ಇನ್ನು ಹೆಡ್ ಉಜ್ಜಿಸಿ ಒತ್ತಡ ಏರಿಸಿದರೆ ಶಾಖವೂ ಏರುತ್ತದೆ. ಯೆಜ್ಡಿಯ ಸಿಲಿಂಡರನ್ನು ತಂಪು ಮಾಡುವುದು ಎದುರಿನ ಗಾಳಿ ಮಾತ್ರ. ಸಿಗ್ನಲ್ಲಿನಲ್ಲಿ ನಿಂತಾಗ ಆ ಗಾಳಿಯೂ ಇಲ್ಲ.

ಇಂದಿನ ಪೆಟ್ರೋಲಿನ ವಿಷಯವೂ ಇಲ್ಲಿ ಸೇರುತ್ತದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ 20 ಮುಟ್ಟಿತು. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ, ಹಳೆಯ ಅಳತೆಯ ಜೆಟ್ ಇರುವ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ಟೂ ಸ್ಟ್ರೋಕ್ ಎಂಜಿನ್ನನ್ನು ಹೆಚ್ಚು ಕಾಯಿಸುತ್ತದೆ, ವಿಪರೀತವಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಥಟ್ಟನೆ ನಿಂತುಬಿಡುವ ಆ ಕ್ಷಣ ಎಂಥದೆಂದು ಹಳೆಯ ಸವಾರರನ್ನು ಕೇಳಿ. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ವಾಷರು, ಪೈಪುಗಳನ್ನು ಬೇಗ ಕೆಡಿಸುತ್ತದೆ. ಆದ್ದರಿಂದ 1988ರ ಎಂಜಿನ್ನಿಗೆ ಇಂದು ಮೊದಲು ಬೇಕಾದದ್ದು ಜೋರಲ್ಲ, ಸರಿಯಾದ ಜೆಟ್ಟು, ಹೊಸ ಸೀಲು, ಹೊಸ ಪೈಪು.

ಇಪ್ಪತ್ತು ಕಿಲೋಮೀಟರಿನ ಬೆಲೆ

ಇಷ್ಟೆಲ್ಲ ಮಾಡಿಸಿದರೂ ಎಷ್ಟು ವೇಗ ಸಿಕ್ಕೀತು? ವೇಗ ಹೆಚ್ಚಾದಂತೆ ಬೈಕಿಗೆ ಎದುರಾಗುವ ದೊಡ್ಡ ಶತ್ರು ಗಾಳಿ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆ ಪ್ರತಿರೋಧವನ್ನು ತಳ್ಳಿಕೊಂಡು ಹೋಗಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣ.

ಗಂಟೆಗೆ 100 ಕಿ.ಮೀ. ಓಡುವ ಬೈಕು 120 ಕಿ.ಮೀ. ಓಡಬೇಕೆಂದರೆ ವೇಗ 1.2 ಪಟ್ಟು. ಸಾಮರ್ಥ್ಯ? 1.2 × 1.2 × 1.2 = 1.728 ಪಟ್ಟು. ಟೈರು, ಚೈನುಗಳ ಘರ್ಷಣೆಯನ್ನು ಬದಿಗಿಟ್ಟು ಗಾಳಿಯನ್ನಷ್ಟೇ ಲೆಕ್ಕ ಹಿಡಿದರೂ, 16 ಅಶ್ವಶಕ್ತಿ ಇದ್ದಲ್ಲಿ ಸುಮಾರು 27.6 ಅಶ್ವಶಕ್ತಿ ಬೇಕು. ಹಳೆಯ ಎಂಜಿನ್ನಿನಿಂದ ಮುಕ್ಕಾಲು ಪಾಲಿನಷ್ಟು ಹೆಚ್ಚು ದುಡಿಮೆ ಕೇಳಿದ ಹಾಗಾಯಿತು.

ಇದರಲ್ಲೊಂದು ಸ್ವಾರಸ್ಯವಿದೆ. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದ ಆ ಹೊಸ ಬೈಕಿನ ಸಾಮರ್ಥ್ಯ ಸುಮಾರು 27 ಅಶ್ವಶಕ್ತಿ! ಅಂದರೆ ಮಗ ಹಳೆಯ ಎಂಜಿನ್ನಿನಿಂದ ಕೇಳುತ್ತಿರುವ ಕೆಲಸಕ್ಕೆ, ಹೊಸ ಬೈಕಿನಲ್ಲಿ ಬೇರೆಯೇ ಎಂಜಿನ್ ಇಡಬೇಕಾಯಿತು. 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಅದನ್ನು ತಂಪಿಡಲು ರೇಡಿಯೇಟರ್, ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆ. 2022ರ ಜನವರಿಯಲ್ಲಿ ಮರಳಿ ಬಂದ ಯೆಜ್ಡಿ ಹೆಸರಿನ ಬೈಕುಗಳಿಗೆ ಇನ್ನೂ ದೊಡ್ಡದು, 334 ಸಿಸಿಯ ಎಂಜಿನ್.

ಇಷ್ಟು ಕಷ್ಟಪಟ್ಟು ಗಳಿಸಿದ 20 ಕಿ.ಮೀ. ವೇಗದಿಂದ ಆಗುವ ಉಳಿತಾಯವೆಷ್ಟು? 15 ಕಿಲೋಮೀಟರ್ ದಾರಿಯನ್ನು 100ರ ವೇಗದಲ್ಲಿ ಸಾಗಿದರೆ 9 ನಿಮಿಷ, 120ರಲ್ಲಿ ಏಳೂವರೆ ನಿಮಿಷ. ಉಳಿದದ್ದು ಒಂದೂವರೆ ನಿಮಿಷ, ಅದೂ ದಾರಿ ಪೂರ್ತಿ ಖಾಲಿಯಿದ್ದರೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ನಿಷೇಧಿಸಲಾಯಿತು. ಸರ್ವಿಸ್ ರಸ್ತೆಯಲ್ಲಿ ದನ, ಸೈಕಲ್ಲು, ಶಾಲೆಯ ಮಕ್ಕಳ ನಡುವೆ 120ರ ವೇಗ ಯಾರಿಗೆ ಬೇಕು?

ಒಂದು ಲೋಟ ಕಾಫಿಯ ನೀರು

ಈಗ ಅಪ್ಪನ ಪ್ರಶ್ನೆಗೆ ಬರಬಹುದು. ಓಡುವ ಬೈಕಿನಲ್ಲಿ ಚಲನಶಕ್ತಿ ಇರುತ್ತದೆ. ಅದರ ಪ್ರಮಾಣ, ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಬೈಕು ನಿಲ್ಲಬೇಕಾದರೆ ಈ ಶಕ್ತಿಯೆಲ್ಲ ಬೇರೆ ರೂಪ ತಾಳಲೇಬೇಕು. ಬ್ರೇಕು ಮಾಡುವ ಕೆಲಸ ಇದೇ. ಅದು ಚಲನಶಕ್ತಿಯನ್ನು ಘರ್ಷಣೆಯಿಂದ ಶಾಖವಾಗಿ ಬದಲಿಸುತ್ತದೆ.

ರೋಡ್‌ಕಿಂಗ್ ತೂಕ ಸುಮಾರು 140 ಕಿಲೋ, ಸವಾರ 70 ಕಿಲೋ ಎಂದುಕೊಂಡರೆ ಒಟ್ಟು 210 ಕಿಲೋ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇದರ ಚಲನಶಕ್ತಿ ಸುಮಾರು 29 ಕಿಲೋಜೌಲ್. 80 ಕಿ.ಮೀ. ವೇಗದಲ್ಲಿ ಸುಮಾರು 52 ಕಿಲೋಜೌಲ್. ವೇಗ ಮೂರನೇ ಒಂದು ಪಾಲು ಏರಿದರೆ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿತು. 52 ಕಿಲೋಜೌಲ್ ಎಂದರೆ ಎಷ್ಟು ಶಾಖ? ಒಂದು ಲೋಟ ಕಾಫಿಗೆ ಬೇಕಾಗುವ ತಣ್ಣೀರನ್ನು, ಅಂದರೆ ಸುಮಾರು 155 ಗ್ರಾಂ ನೀರನ್ನು, ಕುದಿಯುವ ಮಟ್ಟಕ್ಕೆ ತರುವಷ್ಟು. 80ರ ವೇಗದಲ್ಲಿರುವ ಬೈಕನ್ನು ಬ್ರೇಕು ಹಿಡಿದು ನಿಲ್ಲಿಸಿದಾಗಲೆಲ್ಲ ಹೆಚ್ಚುಕಡಿಮೆ ಇಷ್ಟು ಶಾಖವನ್ನು ಎರಡು ಚಕ್ರಗಳ ಬ್ರೇಕು ಡ್ರಮ್ಮುಗಳು ನುಂಗಬೇಕು.

ಇನ್ನು ಚಾಮುಂಡಿ ಬೆಟ್ಟದ ಲೆಕ್ಕ ನೋಡಿ. ಬೆಟ್ಟದ ತುದಿ ಊರಿನ ಮಟ್ಟದಿಂದ ಸುಮಾರು 300 ಮೀಟರ್ ಮೇಲಿದೆ. 210 ಕಿಲೋ ತೂಕ ಅಷ್ಟು ಎತ್ತರದಿಂದ ಇಳಿದಾಗ ಬಿಟ್ಟುಕೊಡುವ ಶಕ್ತಿ 600 ಕಿಲೋಜೌಲಿಗೂ ಹೆಚ್ಚು. ಇದು 80ರ ವೇಗದಿಂದ ಹನ್ನೆರಡು ಸಲ ನಿಲ್ಲಿಸಿದ್ದಕ್ಕೆ ಸಮ. ಫೋರ್ ಸ್ಟ್ರೋಕ್ ಬೈಕನ್ನು ಕೆಳಗಿನ ಗೇರಿನಲ್ಲಿಟ್ಟರೆ ಎಂಜಿನ್ನೇ ಅದರಲ್ಲಿ ಒಳ್ಳೆಯ ಪಾಲನ್ನು ತಡೆಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಹಾಗೆ ತಡೆಹಿಡಿಯುವ ಶಕ್ತಿ ಕಡಿಮೆ. ಅದರ ಜೊತೆಗೆ ಪೆಟ್ರೋಲಿನಲ್ಲೇ ಆಯಿಲ್ ಇರುವುದರಿಂದ, ಆಕ್ಸಿಲರೇಟರ್ ಮುಚ್ಚಿಕೊಂಡು ಬಹಳ ಹೊತ್ತು ಇಳಿದರೆ ಎಂಜಿನ್ನಿಗೆ ಆಯಿಲ್ಲೂ ಸಾಲದು. ಹಳೆಯ ಸವಾರರು ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರ್ ಒಂದಿಷ್ಟು ತಿರುಗಿಸುತ್ತಿದ್ದುದು ಈ ಕಾರಣಕ್ಕೆ. ಉಳಿದ ಭಾರವೆಲ್ಲ ಡ್ರಮ್ಮಿನ ಮೇಲೆ. ಮುಚ್ಚಿದ ಡ್ರಮ್ಮಿನಿಂದ ಶಾಖ ಬೇಗ ಹೊರಹೋಗುವುದಿಲ್ಲ. ಕಾದ ಹಾಗೆ ಬ್ರೇಕು ಹಿಡಿತ ಕಳೆದುಕೊಳ್ಳುತ್ತದೆ.

ಇಂಥ ಬ್ರೇಕಿನ ಮೇಲೆ ಇನ್ನೂ ಹತ್ತು ಅಶ್ವಶಕ್ತಿ ಹೊರಿಸುವುದು ಸರಿಯೇ? 16 ಅಶ್ವಶಕ್ತಿಯ ಎಂಜಿನ್, ಅದಕ್ಕೆ ತಕ್ಕ ಬ್ರೇಕು, ಅದಕ್ಕೆ ತಕ್ಕ ಟೈರು, ಅದಕ್ಕೆ ತಕ್ಕ ಚೌಕಟ್ಟು, ಅದಕ್ಕೆ ತಕ್ಕ ಕ್ಲಚ್ಚು, ಹೀಗೆ ಎಲ್ಲವೂ ಒಂದು ಸರಪಳಿಯ ಕೊಂಡಿಗಳು. ಮಗನ ಪಟ್ಟಿಯಲ್ಲಿದ್ದುದು ಒಂದೇ ಕೊಂಡಿ. ಉಳಿದವನ್ನೆಲ್ಲ ಅದಕ್ಕೆ ಸರಿಯಾಗಿ ಬದಲಾಯಿಸುತ್ತ ಹೋದರೆ ಖರ್ಚು ಹೊಸ ಬೈಕನ್ನು ದಾಟೀತು. ಮೂಗಿಗಿಂತ ಮೂಗುತಿ ಭಾರ ಎಂದ ಹಾಗೆ.

ಹೊಸ ಬೈಕಿನಲ್ಲಿ ಹಣ ಕೊಟ್ಟು ಕೊಳ್ಳುವುದು ಬರೀ ವೇಗವನ್ನಲ್ಲ, ಒಂದಕ್ಕೊಂದು ಹೊಂದಿಸಿದ ಇಡೀ ಸರಪಳಿಯನ್ನು. 2018ರ ಜಾವಾದ ತೂಕ ಸುಮಾರು 170 ಕಿಲೋ, ಮುಂದಿನ ಚಕ್ರಕ್ಕೆ ಗಾಳಿಗೆ ತೆರೆದುಕೊಂಡ ಡಿಸ್ಕ್ ಬ್ರೇಕು, ಜೊತೆಗೆ ಎಬಿಎಸ್. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಗಾಬರಿಯಲ್ಲಿ ಬ್ರೇಕು ಗಟ್ಟಿಯಾಗಿ ಹಿಡಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ, ಹ್ಯಾಂಡಲ್ ತಿರುಗಿಸಿದರೂ ಬೈಕು ತಿರುಗದು. ಎಬಿಎಸ್ ಇದನ್ನು ಗ್ರಹಿಸಿ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಮಳೆಯಲ್ಲಿ, ಮರಳಿನ ಮೇಲೆ ಇದೊಂದೇ ಸೌಕರ್ಯ ಪ್ರಾಣ ಉಳಿಸಬಲ್ಲದು. ಹಳೆಯ ಬೈಕಿಗೆ ಇದನ್ನು ಗ್ಯಾರೇಜಿನಲ್ಲಿ ಜೋಡಿಸುವ ಸುಲಭ ದಾರಿಯಿಲ್ಲ.

ನಾಲ್ಕು ಚಕ್ರದಲ್ಲೂ ಇದೇ ಕತೆ

ಕಾರುಗಳಲ್ಲಿಯೂ ಪ್ರಶ್ನೆ ಇದೇ. ಸಣ್ಣ ಸಂಸಾರದ ಕಾರಿನ ಮೈಗೆ ದೊಡ್ಡ ಎಂಜಿನ್ ಕೂರಿಸಿದ್ದನ್ನು 'ಹಾಟ್ ಹ್ಯಾಚ್' ಎನ್ನುತ್ತಾರೆ. 1976ರಲ್ಲಿ ಮಾರಾಟಕ್ಕೆ ಬಂದ ಜರ್ಮನಿಯ ಗಾಲ್ಫ್ ಜಿಟಿಐ ಈ ಜಾತಿಯನ್ನು ಜನಪ್ರಿಯಗೊಳಿಸಿತು. ಭಾರತದ ಮಧ್ಯಮ ವರ್ಗದ ಕೈಗೆ ಎಟುಕಿದ್ದು 2013ರ ಪೋಲೋ ಜಿಟಿ ಟಿಎಸ್‌ಐ. ಅದರದು 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ. ಪೋಲೋ ಮಾರಾಟ ಇಲ್ಲಿ 2022ರಲ್ಲಿ ನಿಂತಿತು. 2025ರಲ್ಲಿ ಗಾಲ್ಫ್ ಜಿಟಿಐ ಬಂದಾಗ ಅದರ ಬೆಲೆಯೋ 53 ಲಕ್ಷ ರೂಪಾಯಿ ಇತ್ತು! ಹೀಗಾಗಿ ಹಳೆಯ ಪೋಲೋ ಮಾಲೀಕರಲ್ಲಿ ಹಲವರು ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕಾಚಾರ ತುಂಬಿ ಜೋರು ಹೆಚ್ಚಿಸುವ 'ರೀಮ್ಯಾಪ್' ದಾರಿ ಹಿಡಿಯುತ್ತಾರೆ. ಲ್ಯಾಪ್‌ಟಾಪ್ ಒಂದಿದ್ದರೆ ಆಗುವ ಕೆಲಸವಾದ್ದರಿಂದ ಬಹಳ ಸುಲಭವೆನಿಸುತ್ತದೆ. ಆದರೆ ಆ ಕಾರಿನ ಏಳು ಗೇರಿನ ಪೆಟ್ಟಿಗೆಯನ್ನು ರೂಪಿಸಿದ್ದು 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ ತಾಳುವುದಕ್ಕೆ. ಕಾರ್ಖಾನೆಯಿಂದ ಬಂದ ಎಂಜಿನ್ ಕೊಡುತ್ತಿದ್ದುದು 175. ನಡುವಿನ ಅಂತರ ಇರುವುದು ಬಾಳಿಕೆಗಾಗಿ. ಅದನ್ನು ಕಂಪ್ಯೂಟರಿನಿಂದ ತಿಂದುಬಿಟ್ಟರೆ ಮುಂದೆ ಗೇರ್ ಪೆಟ್ಟಿಗೆ ಬಿಲ್ಲು ಕಳಿಸುತ್ತದೆ. ಅಲ್ಲಿಯೂ ಬುದ್ಧಿವಂತರು ಮೊದಲು ಹಣ ಹಾಕುವುದು ಟೈರು, ಬ್ರೇಕು ಪ್ಯಾಡು, ಸಸ್ಪೆನ್ಷನ್ನಿಗೆ.

ಕಾನೂನು ಏನೆನ್ನುತ್ತದೆ?

ತಂದೆತಾಯಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟಪಡಿಸಿತು. 2019ರ ತಿದ್ದುಪಡಿಯ ನಂತರ ಇಂಥ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕಿವಿಗಡಚಿಕ್ಕುವ ಸೈಲೆನ್ಸರಿಗೆ ಪೊಲೀಸರ ಕಾಟ ಬೇರೆ. ವಿಮಾ ಕಂಪನಿಗೆ ಹೇಳದೆ ಎಂಜಿನ್ ಬದಲಾಯಿಸಿದ್ದರೆ, ಅಪಘಾತದ ಹೊತ್ತಿನಲ್ಲಿ ಪರಿಹಾರಕ್ಕೇ ತಕರಾರು ಬರಬಹುದು. 18 ತುಂಬದ ಮಗ ಬೈಕು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ದಂಡ ವಿಧಿಸುವ ಅವಕಾಶವೂ ಅದೇ ತಿದ್ದುಪಡಿಯಲ್ಲಿದೆ.

ಇನ್ನೊಂದು ಸಂಗತಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ 2021ರಲ್ಲಿ ಜಾರಿಗೆ ಬಂತು. ಹಳೆಯ ಜಾವಾಗಳಲ್ಲಿ ಹಲವು ಆ ವಯಸ್ಸು ದಾಟಿವೆ. ಇಂದು ಚೌಕಟ್ಟು ಕುಯ್ದು, ಎಂಜಿನ್ ಕೊರೆದು ಮೂಲ ರೂಪ ಕೆಡಿಸಿದರೆ ನಾಳೆ ಆ ಮಾನ್ಯತೆ ಸಿಗದು. ಕೊರೆದ ಕಬ್ಬಿಣವನ್ನು ಮತ್ತೆ ತುಂಬಲಾಗದು.

ಸೀಮೆಸುಣ್ಣದ ಗೆರೆ

ಹಾಗಾದರೆ ಯಾವುದು ಸರಿ? ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡಾಟ, ಹೆದ್ದಾರಿ, ಮಳೆ, ರಾತ್ರಿ ಪಾಳಿಯ ಕೆಲಸ ಇದ್ದವರಿಗೆ ಹೊಸ ಬೈಕೇ ಸರಿ. ಅವರಿಗೆ ಬೇಕಾದ ವೇಗವನ್ನೂ ಅದನ್ನು ನಿಲ್ಲಿಸುವ ಬ್ರೇಕನ್ನೂ ಒಟ್ಟಿಗೆ ಕೊಡುವುದು ಅದು ಮಾತ್ರ. ಹಳೆಯ ಬೈಕಿನ ಮೇಲೆ ಪ್ರೀತಿ ಇರುವವರು ಅದನ್ನು ಇಟ್ಟುಕೊಳ್ಳಲಿ, ಆದರೆ ಅದು ಇದ್ದಂತೆಯೇ ಇರಲಿ. ಅದಕ್ಕೆ ಖರ್ಚು ಮಾಡುವ ಹಣ ಜೋರು ಹೆಚ್ಚಿಸುವುದಕ್ಕಲ್ಲ, ಕಾರ್ಖಾನೆಯಿಂದ ಹೊರಬಂದ ದಿನದ ಸುಸ್ಥಿತಿಗೆ ಮರಳಿಸುವುದಕ್ಕೆ. ಸಾಲಿನಲ್ಲಿ ಮೊದಲು ಟೈರು. ನಂತರ ಬ್ರೇಕು ಶೂ, ಲೇತಿನಲ್ಲಿ ಸಮ ಮಾಡಿಸಿದ ಡ್ರಮ್ಮು, ಕೇಬಲ್ಲು. ಆಮೇಲೆ ಚಕ್ರದ ಬೇರಿಂಗು, ಸ್ಪೋಕು, ಹ್ಯಾಂಡಲ್ಲಿನ ಕೋನ್ ಸೆಟ್ಟು, ಮುಂದಿನ ಫೋರ್ಕಿನ ಆಯಿಲ್ಲು. ಅದಾದ ಮೇಲೆ ವೈರಿಂಗು ಮತ್ತು ದೀಪ. ಐದನೆಯದಾಗಿ ಎಂಜಿನ್ನಿನ ಸೀಲು, ರಿಂಗು, ಕಾರ್ಬ್ಯುರೇಟರು. ಬಣ್ಣ, ಕ್ರೋಮಿಯಂ ಹೊಳಪು ಎಲ್ಲಕ್ಕಿಂತ ಕೊನೆಗೆ. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಯಾದವಗಿರಿಯ ಮನೆಗೆ ಮರಳೋಣ. ಅಪ್ಪ ವಾದ ಬೆಳೆಸಲಿಲ್ಲ. ಒಂದು ಭಾನುವಾರ ಮುಂಜಾನೆ ಮಗನನ್ನು ಕರೆದುಕೊಂಡು ಖಾಲಿ ಮೈದಾನಕ್ಕೆ ಹೋದರು. ಗಟ್ಟಿ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಹಳೆಯ ಸ್ಪೀಡೋಮೀಟರನ್ನು ನಂಬುವಂತಿಲ್ಲವೆಂದು ಮೊಬೈಲಿನ ಜಿಪಿಎಸ್ ನೋಡಿ ವೇಗ ಹೊಂದಿಸಿಕೊಂಡರು. ಹೆಲ್ಮೆಟ್ ಹಾಕಿ ತಾವೇ ಕೂತು 40 ಕಿ.ಮೀ. ವೇಗದಲ್ಲಿ ಬಂದು, ಗೆರೆ ಮುಟ್ಟುತ್ತಲೇ ಎರಡೂ ಬ್ರೇಕು ಹಿಡಿದರು. ಮಗ ಟೇಪು ಹಿಡಿದು ಅಳೆದ. 20 ಮೀಟರ್.

ಸೂತ್ರ ಮಗನಿಗೆ ಗೊತ್ತು. ವೇಗದ ವರ್ಗವನ್ನು ದೂರದ ಎರಡು ಪಟ್ಟಿನಿಂದ ಭಾಗಿಸಿದರೆ ವೇಗ ಕುಗ್ಗುವ ದರ ಸಿಗುತ್ತದೆ. 40 ಕಿ.ಮೀ. ಎಂದರೆ ಸೆಕೆಂಡಿಗೆ 11.1 ಮೀಟರ್. ಉತ್ತರ ಬಂದದ್ದು ಸುಮಾರು 3.1, ಅಂದರೆ ಪ್ರತಿ ಸೆಕೆಂಡಿಗೂ ವೇಗ ಕುಗ್ಗುತ್ತಿದ್ದುದು ಅಷ್ಟು ಮಾತ್ರ. ಎಬಿಎಸ್ ಇರುವ ಒಳ್ಳೆಯ ಬೈಕು ಒಣ ರಸ್ತೆಯಲ್ಲಿ 7ರ ಆಸುಪಾಸು ಮುಟ್ಟಬಲ್ಲದು ಎಂಬುದು ಅವನಿಗೆ ತಿಳಿದಿತ್ತು. ಮಾತಾಡದೆ ಪಟ್ಟಿಯ ಕಾಗದವನ್ನು ಮಡಿಸಿ ಜೇಬಿಗಿಟ್ಟ.

ಮರುದಿನದಿಂದ ಕೆಲಸ ಶುರುವಾಯಿತು. ಎರಡು ಹೊಸ ಟೈರು, ಹೊಸ ಬ್ರೇಕು ಶೂ, ಹೊಸ ಕೇಬಲ್ಲು ಬಂದವು. ಡ್ರಮ್ಮುಗಳು ಲೇತಿಗೆ ಹೋಗಿ ಬಂದವು. ಸಡಿಲವಾಗಿದ್ದ ಸ್ಪೋಕುಗಳನ್ನು ಅಪ್ಪನೇ ಬಿಗಿದರು. ಯಾವ ನಟ್ಟಿಗೆ ಎಷ್ಟು ಬಿಗಿ ಎಂಬುದು ಮೂವತ್ತು ವರ್ಷದ ಹಿಂದೆ ಬಿಟ್ಟ ಕೈಗೆ ಇನ್ನೂ ನೆನಪಿತ್ತು. 70 ಸಾವಿರದಲ್ಲಿ ಕಾಲು ಭಾಗವೂ ಮುಗಿಯಲಿಲ್ಲ. ಮತ್ತೆ ಅದೇ ಮೈದಾನ, ಅದೇ ಗೆರೆ, ಅದೇ ವೇಗ. ಈ ಸಲ 13 ಮೀಟರ್.

ಏಳು ಮೀಟರ್ ಉಳಿಯಿತು. ಇದೇನು ಮಹಾ ಎನ್ನಬೇಡಿ. ಇದೇ ದರದಲ್ಲಿ 60 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದರೆ ಮೊದಲಿನ ಬ್ರೇಕಿಗೆ ಸುಮಾರು 45 ಮೀಟರ್ ಬೇಕಿತ್ತು, ಈಗ 29 ಮೀಟರ್ ಸಾಕು. ನಡುವಿನ ಅಂತರ ಒಂದು ಸಿಟಿ ಬಸ್ಸಿನ ಉದ್ದಕ್ಕಿಂತ ಹೆಚ್ಚು. ಶಾಲೆಯ ಮುಂದೆ ಚೆಂಡಿನ ಹಿಂದೆ ಮಗುವೊಂದು ರಸ್ತೆಗೆ ಓಡಿ ಬಂದರೆ, ಆ ಅಂತರದಲ್ಲಿ ಅಡಗಿರುವುದು ಎಷ್ಟು ದೊಡ್ಡ ವಿಷಯವೆಂದು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ನಿಗೆ ಹತ್ತು ಅಶ್ವಶಕ್ತಿ ಸೇರಿಸಿದ್ದರೆ ಇದರಲ್ಲಿ ಒಂದು ಮೀಟರೂ ಉಳಿಯುತ್ತಿರಲಿಲ್ಲ.

ಉಳಿದ ಹಣ ಬ್ಯಾಂಕಿಗೆ ಹೋಯಿತು. ಕೆಲಸ ಸಿಕ್ಕ ಮೇಲೆ, ದಿನದ ಓಡಾಟಕ್ಕೆ ಎಬಿಎಸ್ ಇರುವ ಹೊಸ ಬೈಕನ್ನು ಹೆಚ್ಚು ಸಾಲವಿಲ್ಲದೆ ಕೊಳ್ಳುವುದೆಂದು ಮನೆಯಲ್ಲಿ ಮಾತಾಯಿತು. ರೋಡ್‌ಕಿಂಗ್ ಭಾನುವಾರಕ್ಕೆ, ಮತ್ತು ಪ್ರತಿ ಜುಲೈ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಅಭಿಮಾನಿಗಳು ಆಚರಿಸುವ ದಿನಕ್ಕೆ.

ಮೊನ್ನೆ ಮಗ ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿದು ಬಂದ. ಗೇಟಿನ ಹತ್ತಿರ ಸದ್ದು ಕೇಳಿ ಅಪ್ಪ ಹೊರಗೆ ಬಂದರು. ಎಷ್ಟರಲ್ಲಿ ಓಡಿತು ಎಂದು ಅವರು ಕೇಳಲಿಲ್ಲ. ಮಗನೇ ಬೈಕನ್ನು ಸ್ಟ್ಯಾಂಡಿಗೆ ಏರಿಸಿ, ಬಗ್ಗಿ, ಮುಂದಿನ ಡ್ರಮ್ಮಿನ ಹತ್ತಿರ ಮುಟ್ಟದೆ ಅಂಗೈ ಹಿಡಿದು ನೋಡಿದ.

"ಕಾದಿದೆ ಅಪ್ಪಾ. ಹಿಡಿತ ಮಾತ್ರ ಕೊನೇವರೆಗೂ ಚೆನ್ನಾಗಿತ್ತು" ಎಂದ.

"ಅಷ್ಟಿದ್ದರೆ ಸಾಕು. ಒಳಗೆ ಬಾ, ನಿಮ್ಮಮ್ಮ ಕಾಯ್ತಾ ಇದ್ದಾಳೆ" ಎಂದರು ಅಪ್ಪ.